ಸ್ವರ, ಸಂಖ್ಯೆ, ಟ್ಯಾರೋ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆಯಲ್ಲಿ ವೀಣೆ ಮೊದಲಿನಿಂದಲೂ ಇತ್ತು. ಭವಿಷ್ಯ ಓದಲು ಬಳಸುವ ಟ್ಯಾರೋ ಎಂಬ ಚಿತ್ರದ ಎಲೆಗಳು ಬಹಳ ತಡವಾಗಿ ಬಂದವು. ಎರಡನ್ನೂ ಒಂದೇ ಕೋಣೆಯಲ್ಲಿ ಕಂಡವರು ಹುಬ್ಬೇರಿಸಿ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಮಾತಿನ ನಡುವೆ ಬಂದವನ್ನೂ ಪತ್ರದಲ್ಲಿ ಬಂದವನ್ನೂ ಕೇಳಿದವರ ಮಾತಿನಲ್ಲೇ ಇಲ್ಲಿ ಜೋಡಿಸಿದ್ದೇನೆ. ಹೊಸಬರು ಮೊದಲಿನಿಂದ ಓದಲಿ. ಪಳಗಿದವರು ಕೊನೆಯ ಭಾಗಕ್ಕೆ ನೇರವಾಗಿ ಹೋಗಬಹುದು.

## ಆರಂಭದ ಪ್ರಶ್ನೆಗಳು

ಸಂಗೀತಕ್ಕೂ ಟ್ಯಾರೋ ಕಾರ್ಡಿಗೂ ಎಲ್ಲಿಂದೆಲ್ಲಿಯ ನಂಟು?

ನಂಟು ಸಂಖ್ಯೆಯ ಕಡೆಯಿಂದ. ಕ್ರಿಸ್ತಪೂರ್ವ 6ನೇ ಶತಮಾನದಲ್ಲಿ ಸಾಮೋಸ್ ದ್ವೀಪದಿಂದ ದಕ್ಷಿಣ ಇಟಲಿಯ ಕ್ರೋಟನ್ನಿಗೆ ಬಂದು ನೆಲೆಸಿದ ಪೈಥಾಗೊರಸ್‌ನ ಹಿಂಬಾಲಕರು, ಹೊಂದಿಕೊಂಡು ನುಡಿಯುವ ಸ್ವರಗಳ ಹಿಂದೆ ಸಣ್ಣ ಪೂರ್ಣಸಂಖ್ಯೆಗಳ ಅನುಪಾತವಿದೆ ಎಂದು ಕಂಡುಕೊಂಡರು. ಅಲ್ಲಿಂದ ಅವರು ಒಂದು ದೊಡ್ಡ ಜಿಗಿತ ಜಿಗಿದರು: ಜಗತ್ತೆಲ್ಲವೂ ಸಂಖ್ಯೆಯೇ ಎಂದರು. ಆ ಜಿಗಿತದ ಮಕ್ಕಳು ಮೊಮ್ಮಕ್ಕಳೇ ಯುರೋಪಿನ ಸಂಖ್ಯಾ ಸಂಕೇತಗಳು. ಎರಡು ಸಾವಿರ ವರ್ಷ ದಾಟಿದ ಮೇಲೆ, 18 ಮತ್ತು 19ನೇ ಶತಮಾನಗಳಲ್ಲಿ, ಪ್ಯಾರಿಸ್ ಮತ್ತು ಲಂಡನ್ನಿನ ಗೂಢವಿದ್ಯೆಯವರು ಆ ಸಂಕೇತಗಳನ್ನು ಒಂದು ಹಳೆಯ ಇಸ್ಪೀಟು ಕಟ್ಟಿನ ಮೇಲೆ ಹೊದಿಸಿದರು.

ಮುಂದಿನ ಉತ್ತರಗಳಲ್ಲಿ ನಾನು ಎರಡು ಮಾತು ಬಳಸುತ್ತೇನೆ: ಸಿಕ್ಕ ಸಂಖ್ಯೆ, ಇಟ್ಟ ಸಂಖ್ಯೆ. ತಂತಿಯನ್ನು ಸರಿಯಾಗಿ ನಡುವೆ ಒತ್ತಿದರೆ ತಾರ ಷಡ್ಜ, ಅಂದರೆ ಏಳು ಸ್ವರಗಳ ಒಂದು ಸ್ಥಾಯಿ ಏರಿದ ಮೇಲಿನ ಸ, ನುಡಿಯುತ್ತದೆ. ಇದು ಸಿಕ್ಕ ಸಂಖ್ಯೆ. ಯಾರು ಒತ್ತಿದರೂ ಹಾಗೆಯೇ. ಟ್ಯಾರೋದಲ್ಲಿ ಡೆವಿಲ್ ಎಲೆಗೆ 15 ಎಂದಿರುವುದು ಇಟ್ಟ ಸಂಖ್ಯೆ. ಯಾರೋ ಇಟ್ಟರು, ಉಳಿದವರು ಒಪ್ಪಿದರು. ಮಗುವಿಗೆ ಹೆಸರಿಡುತ್ತೇವೆ, ಆ ಹೆಸರಿಗೂ ಬೆಲೆಯಿದೆ. ಆದರೆ ಇಟ್ಟದ್ದನ್ನು ಸಿಕ್ಕದ್ದು ಎಂದು ಹೇಳಿ ಮಾರುವವರ ಬಳಿ ಎಚ್ಚರದಿಂದಿರಬೇಕು.

ನನಗೆ ಟ್ಯಾರೋ ಗೊತ್ತೇ ಇಲ್ಲ. ಕಟ್ಟಿನಲ್ಲಿ ಏನೇನಿರುತ್ತದೆ?

ಒಟ್ಟು 78 ಎಲೆಗಳು. ಅವುಗಳಲ್ಲಿ 56 ನಮ್ಮ ಇಸ್ಪೀಟಿನ ದಾಯಾದಿಗಳು: ಕಪ್, ನಾಣ್ಯ, ಖಡ್ಗ, ದಂಡ ಎಂಬ ನಾಲ್ಕು ಗುಂಪು, ಪ್ರತಿ ಗುಂಪಿನಲ್ಲಿ ಒಂದರಿಂದ ಹತ್ತರವರೆಗಿನ ಎಲೆಗಳು, ಮೇಲೆ ನಾಲ್ಕು ಆಸ್ಥಾನದ ಎಲೆಗಳು. ಇಸ್ಪೀಟು, ಆಟೀನು, ಡೈಮಂಡು, ಕಳಾವರ್ ಎಂದು ಆಡಿ ಬೆಳೆದವರಿಗೆ ಇದು ಅಪರಿಚಿತವಾಗಿ ಕಾಣುವುದಿಲ್ಲ. ಉಳಿದ 22 ಚಿತ್ರದ ಎಲೆಗಳು. 21ಕ್ಕೆ ಸಂಖ್ಯೆಯಿದೆ, ಇನ್ನೊಂದು ಫೂಲ್. ಮೇಜರ್ ಅರ್ಕಾನಾ ಎಂಬ ಗಂಭೀರ ಹೆಸರು ಇವುಗಳಿಗೆ ಆಮೇಲೆ ಬಂತು. ಮೂಲ ಆಟದಲ್ಲಿ ಇವು ತುರುಫು ಎಲೆಗಳು, ಅಷ್ಟೆ. ಯಾವ ಗುಂಪಿನ ಎಲೆಯನ್ನಾದರೂ ಇವು ಹೊಡೆಯುತ್ತಿದ್ದವು.

ಟ್ಯಾರೋ ಪ್ರಾಚೀನ ಈಜಿಪ್ಟಿನ ವಿದ್ಯೆ ಎನ್ನುತ್ತಾರಲ್ಲ?

ಅಲ್ಲ. ಟ್ಯಾರೋ ಹುಟ್ಟಿದ್ದು 15ನೇ ಶತಮಾನದ ಇಟಲಿಯಲ್ಲಿ, ಮಿಲಾನ್, ಫೆರಾರಾ, ಫ್ಲಾರೆನ್ಸ್‌ಗಳ ಶ್ರೀಮಂತರ ಆಟವಾಗಿ. 1440ರ ದಶಕದ ಆರಂಭದ ದಾಖಲೆಗಳಲ್ಲಿ ಅದರ ಹೆಸರು ಸಿಗುತ್ತದೆ. ನಾಲ್ಕು ಗುಂಪುಗಳ ಕಲ್ಪನೆ ಈಜಿಪ್ಟಿನ ಮಾಮ್ಲೂಕ್ ಆಳ್ವಿಕೆಯ ಇಸ್ಪೀಟಿನಿಂದ ಯುರೋಪಿಗೆ ಬಂದದ್ದು ನಿಜ, ಆದರೆ ಅದು ಪಿರಮಿಡ್ಡಿನ ಕಾಲದ ಈಜಿಪ್ಟಲ್ಲ. ಆ ಕಥೆಯನ್ನು ಹಬ್ಬಿಸಿದವನು ಫ್ರಾನ್ಸಿನ ಆಂಟ್ವಾನ್ ಕೂರ್ ದ ಜೆಬೆಲಾ, 1781ರಲ್ಲಿ. ಆಗಿನ್ನೂ ಈಜಿಪ್ಟಿನ ಚಿತ್ರಲಿಪಿಯನ್ನು ಯಾರೂ ಓದಿರಲಿಲ್ಲ. ಹಾಗಾಗಿ ಅವನನ್ನು ತಡೆದು ಕೇಳುವವರೂ ಇರಲಿಲ್ಲ. ಕೆಲವೇ ವರ್ಷಗಳಲ್ಲಿ ಎತೈಯಾ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಆಲಿಯೆತ್ ಟ್ಯಾರೋವನ್ನು ಭವಿಷ್ಯ ಹೇಳುವ ವೃತ್ತಿಗೆ ಇಳಿಸಿದ. ಅಂದರೆ ಆಟವಾಗಿ ಮೂರು ಶತಮಾನ ಬಾಳಿದ ಮೇಲೆ ಅದು ಶಕುನದ ಎಲೆಯಾಯಿತು.

ಹಾರ್ಮನಿ ಪಾಶ್ಚಾತ್ಯರದು, ನಮ್ಮ ಸಂಗೀತದಲ್ಲಿ ಅದೇ ಇಲ್ಲವಲ್ಲ?

ಹಲವು ಸ್ವರಗಳನ್ನು ಒಟ್ಟಿಗೆ ನುಡಿಸಿ ಕಟ್ಟುವ ಪಾಶ್ಚಾತ್ಯ ಪದ್ಧತಿ ನಮ್ಮಲ್ಲಿಲ್ಲ, ಸರಿ. ಆದರೆ ಗ್ರೀಕರು ಹಾರ್ಮೋನಿಯಾ ಎಂದಾಗ ಅವರ ಮನಸ್ಸಿನಲ್ಲೂ ಅದಿರಲಿಲ್ಲ. ಆ ಪದದ ಅರ್ಥ ಬೆಸುಗೆ, ಜೋಡಣೆ. ಎರಡು ಸ್ವರಗಳ ನಡುವಿನ ಅಂತರ ಎಷ್ಟಿದ್ದರೆ ಅವು ಬೆಸೆದುಕೊಳ್ಳುತ್ತವೆ ಎಂಬುದೇ ಅವರ ಪ್ರಶ್ನೆ. ನಮ್ಮ ಭರತನ ನಾಟ್ಯಶಾಸ್ತ್ರವೂ ಇದನ್ನೇ ಕೇಳಿ, 9 ಅಥವಾ 13 ಶ್ರುತಿಗಳ (ಸ್ಥಾಯಿಯನ್ನು ಅಳೆಯುವ 22 ಸಣ್ಣ ಹೆಜ್ಜೆಗಳು) ಅಂತರದಲ್ಲಿರುವ ಸ್ವರಗಳನ್ನು ಸಂವಾದಿ ಎಂದು ಕರೆಯಿತು. ಅವು ಷಡ್ಜ–ಮಧ್ಯಮ (ಸ–ಮ), ಷಡ್ಜ–ಪಂಚಮಗಳ (ಸ–ಪ) ಅಂತರಗಳೇ. ಗ್ರೀಕರ ಬೆಸುಗೆಗೆ ನಮ್ಮವರು ಸಂವಾದ ಎಂದರು. ನನಗೆ ನಮ್ಮವರ ಪದವೇ ಹೆಚ್ಚು ಇಷ್ಟ. ಅದರಲ್ಲಿ ಇಬ್ಬರು ಮಾತನಾಡುತ್ತಿದ್ದಾರೆ.

ಕಿವಿಯಿಂದಲೇ ಅರಿಯಬೇಕೆಂದರೆ ತಂಬೂರದ ಪಕ್ಕ ಕುಳಿತುಕೊಳ್ಳಿ. ಚೆನ್ನಾಗಿ ಶ್ರುತಿಗೂಡಿದ ತಂಬೂರದಲ್ಲಿ ಯಾರೂ ಮೀಟದ ಅಂತರ ಗಾಂಧಾರ (ಏರಿದ ಗ) ತಾನಾಗಿ ತೇಲಿ ಬರುತ್ತದೆ. ಮಂದ್ರ ಷಡ್ಜದ ತಂತಿ ಐದು ಪಾಲಾಗಿಯೂ ಕಂಪಿಸುತ್ತಿರುತ್ತದೆ, ಅದಕ್ಕೆ.

ಪೈಥಾಗೊರಸ್ ಕಮ್ಮಾರನ ಅಂಗಡಿಯಲ್ಲಿ ಸಂಗೀತದ ನಿಯಮ ಕಂಡುಹಿಡಿದ ಕಥೆ ನಿಜವೇ?

ಕಥೆ ಹೀಗಿದೆ: ಕಮ್ಮಾರನ ಸುತ್ತಿಗೆಗಳು ಇಂಪಾಗಿ ಕೇಳಿಸಿದವು, ಪೈಥಾಗೊರಸ್ ಅವುಗಳನ್ನು ತೂಗಿ ನೋಡಿದ, ತೂಕ 12, 9, 8, 6 ಇತ್ತು. ಅಷ್ಟೇ ತೂಕವನ್ನು ತಂತಿಗಳಿಗೆ ಕಟ್ಟಿದಾಗ ಅದೇ ಸ್ವರಗಳು ಬಂದವು. ಕ್ರಿಸ್ತಶಕದ ಆರಂಭದ ಶತಮಾನಗಳ ನಿಕೋಮಾಕಸ್ ಬರೆದ ಇದನ್ನು ಸಾವಿರ ವರ್ಷಕ್ಕೂ ಮೀರಿ ಎಲ್ಲರೂ ನಂಬಿದರು.

ತಂತಿಯ ಉದ್ದದ ಮಟ್ಟಿಗೆ ಅನುಪಾತಗಳು ಸರಿ. ಉದ್ದ ಅರ್ಧವಾದರೆ ತಾರ ಷಡ್ಜ, ಮೂರರಲ್ಲಿ ಎರಡು ಪಾಲಾದರೆ ಪಂಚಮ, ನಾಲ್ಕರಲ್ಲಿ ಮೂರು ಪಾಲಾದರೆ ಶುದ್ಧ ಮಧ್ಯಮ. ಆದರೆ ತೂಕದ ಕಥೆ ಸುಳ್ಳು. ಗೆಲಿಲಿಯೋನ ತಂದೆ, ಲ್ಯೂಟ್ ಎಂಬ ತಂತಿವಾದ್ಯದ ವಾದಕ ವಿಂಚೆಂಜೊ ಗೆಲಿಲಿ, 16ನೇ ಶತಮಾನದ ಕೊನೆಗೆ ತೂಕ ಕಟ್ಟಿಯೇ ನೋಡಿದ. ಒಂದು ಸ್ಥಾಯಿ ಏರಲು ಎಳೆತ ಎರಡರಷ್ಟಲ್ಲ, ನಾಲ್ಕರಷ್ಟು ಬೇಕು. ಕಥೆಯಲ್ಲಿ ಹೇಳಿದಂತೆ 12 ಮತ್ತು 6ರ ತೂಕ ಕಟ್ಟಿದರೆ ತಾರ ಷಡ್ಜ ಬರುವುದಿಲ್ಲ. ಸ್ಥಾಯಿಯ ನಟ್ಟನಡುವಿನ ಕರ್ಕಶ ಅಂತರ, ನಮ್ಮ ಪ್ರತಿ ಮಧ್ಯಮದ ಜಾಗ, ಬರುತ್ತದೆ. ಸಂಖ್ಯೆ ಚೆಂದವಾಗಿದೆಯೆಂದು ತೂಗಿ ನೋಡುವುದನ್ನೇ ಇಷ್ಟು ಕಾಲ ಬಿಟ್ಟದ್ದು ನನ್ನನ್ನು ಇಂದಿಗೂ ಕಾಡುತ್ತದೆ.

## ಎಲೆ ಕಲಸಲು ಕಲಿತವರಿಗೆ

ಒಂದರಿಂದ ಹತ್ತರ ಎಲೆಗಳಿಗೆ ಅರ್ಥ ಬಂದದ್ದೆಲ್ಲಿಂದ?

ಎರಡು ಹೊಳೆ ಸೇರಿವೆ. ಒಂದು ಪೈಥಾಗೊರಸ್ ಪಂಥದ ಟೆಟ್ರಾಕ್ಟಿಸ್: ಮೇಲೆ ಒಂದು ಚುಕ್ಕೆ, ಕೆಳಗೆ ಎರಡು, ಮೂರು, ನಾಲ್ಕು, ಒಟ್ಟು ಹತ್ತು. ರಂಗೋಲಿ ಹಾಕುವವರಿಗೆ ಈ ಚುಕ್ಕೆಸಾಲು ಹೊಸದಲ್ಲ. ಆ ಪಂಥದವರು ಇದರ ಮೇಲೆ ಆಣೆ ಮಾಡುತ್ತಿದ್ದರು. ಕಾರಣ ಸಂಗೀತ: ಪಕ್ಕಪಕ್ಕದ ಸಾಲುಗಳನ್ನು ಹೋಲಿಸಿದರೆ 2:1, 3:2, 4:3, ಮುಖ್ಯ ಸಂವಾದಗಳೆಲ್ಲ ಅಲ್ಲೇ ಇವೆ. ಒಂದು ಬೀಜ, ಎರಡು ಎದುರುಬದುರು, ಮೂರು ಹೊಂದಾಣಿಕೆ, ನಾಲ್ಕು ನೆಲೆ ಎಂಬ ಅರ್ಥಗಳು ಈ ಕಡೆಯಿಂದ ಹರಿದು ಬಂದವು.

ಇನ್ನೊಂದು ಕಬ್ಬಾಲಾ ಎಂಬ ಯಹೂದಿಯರ ಗೂಢ ಪರಂಪರೆ. ಅಲ್ಲಿ ದೈವಶಕ್ತಿ ಸೆಫಿರೋತ್ ಎಂಬ ಹತ್ತು ನೆಲೆಗಳಲ್ಲಿ ಇಳಿದು ಬರುತ್ತದೆ. 1888ರಲ್ಲಿ ಲಂಡನ್ನಿನಲ್ಲಿ ಸ್ಥಾಪನೆಯಾದ ಗೋಲ್ಡನ್ ಡಾನ್ ಎಂಬ ಗೂಢಸಂಘ ಹತ್ತು ಎಲೆಗಳನ್ನು ಹತ್ತು ಸೆಫಿರೋತ್‌ಗಳಿಗೆ ಕಟ್ಟಿತು. ಇಂದು ಬೆಂಗಳೂರಿನಲ್ಲಿ ಸಿಗುವ ಬಹುತೇಕ ಕಟ್ಟುಗಳ ಅರ್ಥಪುಸ್ತಿಕೆಗಳ ಬೇರು ಅಲ್ಲಿದೆ.

ಸಂಗೀತದಲ್ಲಿ ಪಂಚಮ ಅಷ್ಟು ಮಂಗಳಕರ. ಟ್ಯಾರೋದಲ್ಲಿ ಐದರ ಎಲೆಗಳೆಲ್ಲ ಯಾಕೆ ಅಳಿಸುತ್ತವೆ?

ಈ ಪ್ರಶ್ನೆ ಕೇಳಿದವರಿಗೆ ಕಿವಿಯೂ ಇದೆ, ಕಣ್ಣೂ ಇದೆ. ರೈಡರ್ ಎಂಬ ಪ್ರಕಾಶಕರು 1909ರಲ್ಲಿ ತಂದ ರೈಡರ್ ಕಟ್ಟನ್ನು ತೆಗೆದು ನೋಡಿ: ಕಪ್ ಐದರಲ್ಲಿ ಚೆಲ್ಲಿದ ಪಾತ್ರೆಗಳ ಮುಂದೆ ತಲೆತಗ್ಗಿಸಿ ನಿಂತವನು, ನಾಣ್ಯ ಐದರಲ್ಲಿ ಹಿಮದಲ್ಲಿ ನಡೆಯುವ ಬಡವರು, ಖಡ್ಗ ಐದರಲ್ಲಿ ಸೋತವರು, ದಂಡ ಐದರಲ್ಲಿ ಬಡಿದಾಟ. ಕಾರಣ, ಐದನೆಯ ಸೆಫಿರಾ ಗೆಬುರಾ. ಅದು ಕಠೋರತೆಯ, ಶಿಕ್ಷೆಯ ಸ್ಥಾನ. ಗೋಲ್ಡನ್ ಡಾನ್ ಆ ಬಣ್ಣವನ್ನು ಐದರ ಎಲೆಗಳಿಗೆಲ್ಲ ಬಳಿಯಿತು.

ಪಂಚಮದ ‘ಐದು’ ಬೇರೆಯೇ ವಸ್ತು. ಸ ರಿ ಗ ಮ ಪ ಎಂದು ಎಣಿಸಿದಾಗ ಐದನೆಯದು, ಹಾಗಾಗಿ ಪಂಚಮ. ಅದರ ಒಡಲಿನಲ್ಲಿರುವ ಸಂಖ್ಯೆಗಳು 3 ಮತ್ತು 2. ನಿಜವಾಗಿ ಐದು ಎಂಬ ಸಂಖ್ಯೆ ಕಂಪನದಲ್ಲಿ ಕೊಡುವ ಸ್ವರ ಅಂತರ ಗಾಂಧಾರ, 5:4. ಪೈಥಾಗೊರಸ್ ಪಂಥದವರಿಗೋ ಐದು ಎಂದರೆ ಮದುವೆ, ಏಕೆಂದರೆ ಅದು ಎರಡು ಮತ್ತು ಮೂರರ ಕೂಟ. ಹೀಗೆ ಒಂದೇ ಅಂಕಿ ಒಂದು ಕಡೆ ಮದುವೆ, ಇನ್ನೊಂದು ಕಡೆ ಶಿಕ್ಷೆ, ಮತ್ತೊಂದು ಕಡೆ ಬರಿಯ ಎಣಿಕೆ. ‘ಐದು ಎಂದರೆ ಇಂಥದ್ದು’ ಎಂದು ಯಾರಾದರೂ ಗುಡುಗಿದರೆ, ಯಾರ ಐದು ಎಂದು ಕೇಳಿ.

ನನ್ನ ಕಟ್ಟಿನಲ್ಲಿ ಸ್ಟ್ರೆಂತ್ 8, ಗೆಳತಿಯ ಕಟ್ಟಿನಲ್ಲಿ 11. ಯಾವುದು ಸರಿ?

ಎರಡೂ ಮುದ್ರಣದೋಷವಲ್ಲ. ಫ್ರಾನ್ಸಿನ ಹಳೆಯ ಮಾರ್ಸೇ ಕಟ್ಟಿನಲ್ಲಿ ಜಸ್ಟಿಸ್ 8, ಸ್ಟ್ರೆಂತ್ 11. ಗೋಲ್ಡನ್ ಡಾನ್ 22 ಎಲೆಗಳನ್ನು ಹೀಬ್ರೂವಿನ 22 ಅಕ್ಷರಗಳಿಗೆ, ಅವುಗಳ ಮೂಲಕ ರಾಶಿಗಳಿಗೆ ಹೊಂದಿಸುವಾಗ ಇಕ್ಕಟ್ಟಿಗೆ ಸಿಲುಕಿತು: ತಕ್ಕಡಿ ಹಿಡಿದ ಜಸ್ಟಿಸ್ ಸಿಂಹರಾಶಿಗೂ, ಸಿಂಹದ ಬಾಯಿ ಹಿಡಿದ ಸ್ಟ್ರೆಂತ್ ತುಲಾರಾಶಿಗೂ ಬಿತ್ತು. ಕಣ್ಣಿಗೆ ಹೊಡೆಯುವಂತಿದ್ದ ಈ ತಪ್ಪನ್ನು ಸರಿಪಡಿಸಲು ಎರಡೂ ಎಲೆಗಳ ಸಂಖ್ಯೆ ಅದಲುಬದಲಾಯಿತು. ಆ ಸಂಘದವನೇ ಆದ ಎ. ಇ. ವೇಟ್ ರೂಪಿಸಿದ ರೈಡರ್ ಕಟ್ಟು ಅದನ್ನೇ ಅನುಸರಿಸಿತು. ಇಟ್ಟ ಸಂಖ್ಯೆಯ ಗುಣವೇ ಇದು, ಬೇಕಾದಾಗ ಬದಲಿಸಬಹುದು. ನಿಮ್ಮ ಕೈಯಲ್ಲಿರುವ ಕಟ್ಟಿನ ಕ್ರಮವನ್ನೇ ಪಾಲಿಸಿ.

ರೈಡರ್ ಕಟ್ಟಿನ ಚಿತ್ರಗಳನ್ನು ಬರೆದಾಕೆಗೆ ಸಂಗೀತ ಕಣ್ಣಿಗೆ ಕಾಣುತ್ತಿತ್ತಂತೆ, ಹೌದೇ?

ಹೌದು. ಪಮೇಲಾ ಕೋಲ್ಮನ್ ಸ್ಮಿತ್ (1878–1951) ಸಂಗೀತ ಕೇಳುವಾಗ ಕಣ್ಣ ಮುಂದೆ ಮೂಡಿದ ದೃಶ್ಯಗಳನ್ನು ಅಲ್ಲಲ್ಲೇ ಬಿಡಿಸುತ್ತಿದ್ದಳು. ಬೀಥೋವನ್, ಶೂಮನ್, ದೆಬ್ಯುಸಿ ಇವರ ಕೃತಿಗಳಿಗೆ ಆಕೆ ಬರೆದ ಚಿತ್ರಗಳಿವೆ. ನ್ಯೂಯಾರ್ಕಿನಲ್ಲಿ ಆಲ್ಫ್ರೆಡ್ ಸ್ಟೀಗ್ಲಿಟ್ಸ್ ನಡೆಸುತ್ತಿದ್ದ ಛಾಯಾಚಿತ್ರ ಗ್ಯಾಲರಿಯಲ್ಲಿ ಛಾಯಾಚಿತ್ರವಲ್ಲದ ಮೊದಲ ಪ್ರದರ್ಶನ ಆಕೆಯದೇ, 1907ರಲ್ಲಿ. ಎರಡು ವರ್ಷದ ನಂತರ ವೇಟ್‌ಗಾಗಿ ಟ್ಯಾರೋ ಚಿತ್ರಗಳನ್ನು ಕೆಲವೇ ತಿಂಗಳಲ್ಲಿ ಮುಗಿಸಿದಳು. ಕೆಲಸ ದೊಡ್ಡದು, ಸಿಕ್ಕ ಹಣ ಬಹಳ ಕಡಿಮೆ ಎಂದು ಸ್ಟೀಗ್ಲಿಟ್ಸ್‌ಗೆ ಪತ್ರ ಬರೆದಳು.

ಟ್ಯಾರೋ ಚಿತ್ರಗಳು ವೇಟ್ ಕೊಟ್ಟ ಸೂಚನೆಯ ಮೇಲೆ ನಿಂತವು. ಅವನ್ನೇ ಸಂಗೀತಚಿತ್ರಗಳು ಎನ್ನಬಾರದು. ಆದರೆ ಒಂದರಿಂದ ಹತ್ತರ ಎಲೆಗಳಲ್ಲಿ ಬರಿಯ ಕಪ್ಪುಗಳನ್ನೋ ಖಡ್ಗಗಳನ್ನೋ ಜೋಡಿಸದೆ ಪ್ರತಿಯೊಂದಕ್ಕೂ ಒಂದು ಪುಟ್ಟ ರಂಗಸಜ್ಜಿಕೆ ಕಟ್ಟಿದ್ದು ಆಕೆಯ ಕೈ. ಆ ಎಲೆಗಳಲ್ಲಿ ಗಾಳಿ, ಬಟ್ಟೆಯ ಮಡಿಕೆ, ನಿಂತವರ ಭಂಗಿ ಎಲ್ಲಕ್ಕೂ ಒಂದು ಲಯವಿದೆ. ಕಟ್ಟು ಬಹುಕಾಲ ಪ್ರಕಾಶಕರ ಮತ್ತು ವೇಟ್‌ನ ಹೆಸರಿನಲ್ಲೇ ನಡೆಯಿತು. ನಾನು ಆಕೆಯ ಹೆಸರನ್ನು ಸೇರಿಸಿಯೇ ಹೇಳುತ್ತೇನೆ.

ಯಾವ ಎಲೆಗೆ ಯಾವ ಸ್ವರ ಎಂಬ ಪಟ್ಟಿ ಇದೆಯಂತಲ್ಲ?

ಇದೆ. ಪ್ರಸಿದ್ಧವಾದದ್ದು ಅಮೆರಿಕದ ಪಾಲ್ ಫಾಸ್ಟರ್ ಕೇಸ್‌ನದು (1884–1954). ಅವನು ಹೊಟ್ಟೆಪಾಡಿಗೆ ಸಂಗೀತಗಾರ; ಲಾಸ್ ಏಂಜಲೀಸ್‌ನಲ್ಲಿ ನೆಲೆಯಾದ ಬಿಲ್ಡರ್ಸ್ ಆಫ್ ದಿ ಅಡೈಟಮ್ ಎಂಬ ಶಾಲೆಯನ್ನು ಕಟ್ಟಿದವನು.

ಅವನ ಲೆಕ್ಕದ ತಳಹದಿ ಸೆಫೆರ್ ಯೆಟ್ಸಿರಾ ಎಂಬ ಹಳೆಯ ಹೀಬ್ರೂ ಗ್ರಂಥ. ಅದು 22 ಅಕ್ಷರಗಳನ್ನು 3, 7, 12 ಎಂದು ಒಡೆಯುತ್ತದೆ: ಮೂರು ತಾಯಿ ಅಕ್ಷರಗಳು ಗಾಳಿ, ನೀರು, ಬೆಂಕಿಗೆ; ಏಳು ಗ್ರಹಗಳಿಗೆ; ಹನ್ನೆರಡು ರಾಶಿಗಳಿಗೆ. ಹನ್ನೆರಡು ರಾಶಿಗೆ ಪಿಯಾನೋದ ಹನ್ನೆರಡು ಮನೆಗಳು ಸಲೀಸಾಗಿ ಕೂಡುತ್ತವೆ. ಮೇಷದ ಎಂಪರರ್‌ಗೆ ಪಾಶ್ಚಾತ್ಯರ ಸಿ ಸ್ವರ ಮತ್ತು ಕೆಂಪು ಬಣ್ಣ, ಅಲ್ಲಿಂದ ಏರುತ್ತಾ ಮೀನದ ಮೂನ್‌ಗೆ ಬಿ. ಉಳಿದ ಹತ್ತು ಎಲೆಗಳು ಅದೇ ಸ್ವರಗಳನ್ನು ಹಂಚಿಕೊಳ್ಳಬೇಕು. ಹಾಗಾಗಿ ಸಿ ಸ್ವರಕ್ಕೆ ಎಂಪರರ್, ಟವರ್, ಜಡ್ಜ್‌ಮೆಂಟ್ ಮೂರೂ ಬರುತ್ತವೆ. ಇ ಸ್ವರಕ್ಕೆ ಫೂಲ್, ಮೆಜಿಶಿಯನ್, ಸ್ಟ್ರೆಂತ್. ಜಿ ಶಾರ್ಪ್‌ಗೆ ಹೈ ಪ್ರೀಸ್ಟೆಸ್, ಹ್ಯಾಂಗ್ಡ್ ಮ್ಯಾನ್, ಟೆಂಪರೆನ್ಸ್. ಹರ್ಮಿಟ್, ಡೆತ್‌ನಂಥ ಕೆಲವರಿಗೆ ಮಾತ್ರ ತಮ್ಮದೇ ಸ್ವರ. ಒಂಟಿ ಮುನಿಗೂ ಸಾವಿಗೂ ಸ್ವರದಲ್ಲಿ ಜೊತೆಯಿಲ್ಲದಿರುವುದು ನನಗೆ ಪ್ರತಿಸಲವೂ ಮೈ ಜುಮ್ಮೆನಿಸುತ್ತದೆ.

ಇನ್ನೊಂದು ಸೊಗಸಿದೆ. ಬೆಂಕಿ, ಗಾಳಿ, ನೀರು ಈ ಮೂರು ಧಾತುಗಳ ಎಲೆಗಳನ್ನು (ಜಡ್ಜ್‌ಮೆಂಟ್, ಫೂಲ್, ಹ್ಯಾಂಗ್ಡ್ ಮ್ಯಾನ್) ಒಟ್ಟಿಗೆ ನುಡಿಸಿದರೆ ಸಿ, ಇ, ಜಿ ಶಾರ್ಪ್. ನಮ್ಮ ಲೆಕ್ಕದಲ್ಲಿ ಷಡ್ಜ, ಅಂತರ ಗಾಂಧಾರ, ಶುದ್ಧ ಧೈವತ. ಅವುಗಳ ಬಣ್ಣ ಕೆಂಪು, ಹಳದಿ, ನೀಲಿ. ಸ್ಥಾಯಿಯನ್ನು ಮೂರು ಸಮಪಾಲು ಮಾಡಿದ ಈ ಕೂಟ ಎಲ್ಲಿಯೂ ಕಾಲೂರುವುದಿಲ್ಲ, ತೂಗುತ್ತಲೇ ಇರುತ್ತದೆ. ಹಾರ್ಮೋನಿಯಂ ಇದ್ದರೆ ಒತ್ತಿ ನೋಡಿ.

ಇಷ್ಟಾದರೂ ಇದು ಇಟ್ಟ ಸಂಬಂಧ. ಮೇಷಕ್ಕೆ ಸಿ ಎಂದು ಆರಂಭಿಸಿದ್ದು ಕೇಸ್‌ನ ಆಯ್ಕೆ. ಡಿ ಇಂದ ಆರಂಭಿಸಿದ್ದರೆ ಇಡೀ ಪಟ್ಟಿ ಸರಿದು ಕೂರುತ್ತಿತ್ತು.

ಏಳು ಸ್ವರ, ಏಳು ಬಣ್ಣ, ಏಳು ಗ್ರಹ. ಇದು ಪ್ರಕೃತಿಯ ನಿಯಮವಲ್ಲವೇ?

ಕಾಮನಬಿಲ್ಲಿನಲ್ಲಿ ಗೆರೆ ಎಳೆದಂತೆ ಏಳು ಪಟ್ಟಿಗಳಿಲ್ಲ. ನ್ಯೂಟನ್ ಮೊದಲು ಐದು ಬಣ್ಣ ಹೇಳಿ, ಆಮೇಲೆ ಕಿತ್ತಳೆ ಮತ್ತು ಇಂಡಿಗೋ ಸೇರಿಸಿ ಏಳು ಮಾಡಿದ. ಸ್ವರಶ್ರೇಣಿಗೆ ಹೊಂದಲಿ ಎಂದೇ. ಬರಿಗಣ್ಣಿಗೆ ಕಾಣುವ ಗ್ರಹಗಳು ಐದು. ಸೂರ್ಯ ಚಂದ್ರರನ್ನು ಸೇರಿಸಿದಾಗ ಏಳು. ನಾವು ರಾಹು ಕೇತುಗಳನ್ನೂ ಕೂಡಿಸಿ ಒಂಬತ್ತು ಎನ್ನುತ್ತೇವೆ.

## ಇನ್ನೂ ಆಳಕ್ಕೆ

ನಮ್ಮ 22 ಶ್ರುತಿಗೂ 22 ಎಲೆಗೂ ಗುಪ್ತ ಸಂಬಂಧವಿದೆ ಎಂದು ಕೇಳಿದೆ. ಇದೆಯೇ?

ಇಲ್ಲ. ಭರತನ 22, ಷಡ್ಜ ಗ್ರಾಮ ಎಂಬ ಹಳೆಯ ಸ್ವರಶ್ರೇಣಿಯ ಏಳು ಸ್ವರಗಳಿಗೆ 4, 3, 2, 4, 4, 3, 2 ಎಂದು ಹಂಚಿದ ಶ್ರುತಿಗಳ ಮೊತ್ತ. ವೀಣೆಯ ಮೇಲೆ ಕಿವಿಯಿಟ್ಟು ಕಂಡದ್ದು. ಹೀಬ್ರೂವಿನ 22 ಒಂದು ಲಿಪಿಯ ಅಕ್ಷರಗಳ ಎಣಿಕೆ. ಟ್ಯಾರೋದ 22 ಒಂದು ಆಟದ ಅನುಕೂಲ, ಅದೂ ಎಲ್ಲ ಊರಿನದಲ್ಲ. ಫ್ಲಾರೆನ್ಸ್‌ನವರ ಮಿಂಕಿಯಾತೆ ಆಟದಲ್ಲಿ 97 ಎಲೆಗಳು, ಫೂಲನ್ನು ಬಿಟ್ಟು ತುರುಫುಗಳೇ 40. ಆ ಕಟ್ಟು ಗೆದ್ದಿದ್ದರೆ ಇಂದು ಯಾರೂ 22ರ ಮಹಿಮೆ ಹಾಡುತ್ತಿರಲಿಲ್ಲ. ನಮ್ಮ ಶ್ರುತಿಗೆ ಹೊರಗಿನಿಂದ ಗೌರವ ಎರವಲು ತರುವ ಅಗತ್ಯವೂ ನನಗೆ ಕಾಣುವುದಿಲ್ಲ.

ಹಾಗಾದರೆ ಕರ್ನಾಟಕ ಸಂಗೀತದಲ್ಲಿ ಸಂಖ್ಯಾ ಸಂಕೇತವೇ ಇಲ್ಲವೇ?

ಧಾರಾಳವಾಗಿದೆ. 72 ಮೇಳಕರ್ತ ರಾಗಗಳನ್ನು (ತಾಯಿರಾಗಗಳನ್ನು) ಆರಾರರಂತೆ ಕಟ್ಟಿದ ಹನ್ನೆರಡು ಚಕ್ರಗಳ ಹೆಸರು ನೋಡಿ: ಇಂದು, ನೇತ್ರ, ಅಗ್ನಿ, ವೇದ, ಬಾಣ, ಋತು, ಋಷಿ, ವಸು, ಬ್ರಹ್ಮ, ದಿಶಿ, ರುದ್ರ, ಆದಿತ್ಯ. ಚಂದ್ರನೊಬ್ಬ, ಕಣ್ಣೆರಡು, ಅಗ್ನಿ ಮೂರು, ವೇದ ನಾಲ್ಕು, ಮನ್ಮಥನ ಬಾಣ ಐದು. ಹೆಸರು ಹೇಳಿದರೆ ಎಣಿಕೆಯೂ ಹೇಳಿದಂತೆ.

ಕಟಪಯಾದಿ ಸೂತ್ರ ಇನ್ನೂ ಜಾಣತನದ್ದು. ರಾಗದ ಹೆಸರಿನ ಮೊದಲೆರಡು ಅಕ್ಷರಗಳನ್ನು ಅಂಕಿಯಾಗಿಸಿ ತಿರುವಿ ಓದಿದರೆ ಮೇಳದ ಸಂಖ್ಯೆ. ಮಾಯಾಮಾಳವಗೌಳದಲ್ಲಿ ಮಾ 5, ಯಾ 1, ತಿರುವಿದರೆ 15. ಶಂಕರಾಭರಣ 29ಕ್ಕೆ ಕೂಡಲಿಲ್ಲ, ಮುಂದೆ ‘ಧೀರ’ ಸೇರಿಸಿದರು. ಕಲ್ಯಾಣಿ 65ಕ್ಕೆ ಕೂಡಲಿಲ್ಲ, ‘ಮೇಚ’ ಸೇರಿಸಿದರು. ಸ್ಟ್ರೆಂತ್ ಮತ್ತು ಜಸ್ಟಿಸ್‌ನ ಸ್ಥಾನ ಬದಲಾದ ಕಥೆಯ ತಮ್ಮನಂತಿದೆ ಇದು, ವ್ಯವಸ್ಥೆಗಾಗಿ ಹೆಸರನ್ನು ಬಗ್ಗಿಸಿದ ಕಥೆ. ಒಂದು ವ್ಯತ್ಯಾಸವಿದೆ. ಮಾಯಾಮಾಳವಗೌಳಕ್ಕೆ 15 ಬಂದದ್ದರಿಂದ ಆ ರಾಗಕ್ಕೆ ಹದಿನೈದರ ಗುಣ ಬಂತು ಎಂದು ನಮ್ಮ ಯಾವ ಗುರುಗಳೂ ಹೇಳಿಕೊಡಲಿಲ್ಲ. ಸಂಖ್ಯೆ ನೆನಪಿನ ಗೂಟವಾಗಿತ್ತು, ಅಲ್ಲಿಗೇ ನಿಂತಿತು.

ಪೈಥಾಗೊರಸ್ ಕಾಮಾ ಎಂದರೇನು? ಅದನ್ನು ಫೂಲ್ ಎಲೆಗೆ ಹೋಲಿಸಿದ್ದೀರಂತೆ.

ಷಡ್ಜದಿಂದ ಪಂಚಮಕ್ಕೆ, ಅದರ ಪಂಚಮಕ್ಕೆ, ಹೀಗೆ ಹನ್ನೆರಡು ಸಲ ಏರಿದರೆ ಏಳು ಸ್ಥಾಯಿ ದಾಟಿ ಮತ್ತೆ ಷಡ್ಜಕ್ಕೆ ಬರಬೇಕು. ಬರುವುದಿಲ್ಲ. 3/2 ಅನ್ನು ಹನ್ನೆರಡು ಸಲ ಗುಣಿಸಿದರೆ ಸುಮಾರು 129.75, 2 ಅನ್ನು ಏಳು ಸಲ ಗುಣಿಸಿದರೆ 128. ಆ ಸಣ್ಣ ಉಳಿಕೆ, ಅರ್ಧಸ್ವರದ ಕಾಲು ಭಾಗಕ್ಕೆ ತುಸು ಕಡಿಮೆ, ಅದೇ ಕಾಮಾ. ಮೂರರ ಯಾವ ಘಾತವೂ ಎರಡರ ಘಾತವಾಗಲಾರದು; ಹಾಗಾಗಿ ಈ ವೃತ್ತ ಎಂದೆಂದಿಗೂ ಮುಚ್ಚದು. ಇಂದಿನ ಪಿಯಾನೋ ಪ್ರತಿ ಪಂಚಮವನ್ನೂ ಕೂದಲೆಳೆಯಷ್ಟು ತಗ್ಗಿಸಿ ಈ ಉಳಿಕೆಯನ್ನು ಹಂಚಿ ಮರೆಸುತ್ತದೆ.

ಫೂಲ್‌ನ ಹೋಲಿಕೆ ನನ್ನದು, ಯಾವ ಗ್ರಂಥದ್ದೂ ಅಲ್ಲ. ಹಳೆಯ ಕಟ್ಟಿನಲ್ಲಿ ಫೂಲ್‌ಗೆ ಸಂಖ್ಯೆಯಿಲ್ಲ. ಆಟದಲ್ಲಿ ಅದನ್ನು ಇಳಿಸಿದವನಿಗೆ ಆ ಸುತ್ತಿನ ನಿಯಮದಿಂದ ವಿನಾಯಿತಿ. ಅದು ಯಾರನ್ನೂ ಹೊಡೆಯುವುದಿಲ್ಲ. 21 ಎಲೆಗಳು ಸಾಲಾಗಿ ನಿಂತು ವರ್ಲ್ಡ್‌ನಲ್ಲಿ ಮುಗಿದ ಮೇಲೂ ಇದೊಂದು ಲೆಕ್ಕದ ಹೊರಗೆ ಉಳಿಯುತ್ತದೆ, ಮತ್ತು ಇದಿರುವುದರಿಂದಲೇ ಸಾಲು ಇನ್ನೊಂದು ಸುತ್ತಿಗೆ ಹೊರಡುತ್ತದೆ. ಶ್ರುತಿ ಕೂಡಿಸುವಾಗ ಎಷ್ಟು ತಿರುಗಿಸಿದರೂ ಎಲ್ಲವೂ ಒಟ್ಟಿಗೆ ನಿಲ್ಲದ ಆ ಉಳಿಕೆಯನ್ನು ಕೇಳಿದಾಗೆಲ್ಲ, ಬಂಡೆಯಂಚಿನಲ್ಲಿ ಹೂ ಹಿಡಿದು ನಿಂತ ಆ ಹುಡುಗ ನೆನಪಾಗುತ್ತಾನೆ.

ಗ್ರಹಗಳ ಸಂಗೀತ ಎಂಬುದು ಬರಿಯ ಕಲ್ಪನೆಯೇ?

17ನೇ ಶತಮಾನದ ಒಂದು ಜಗಳ ಇದಕ್ಕೆ ಉತ್ತರ. ಲಂಡನ್ನಿನ ವೈದ್ಯ ರಾಬರ್ಟ್ ಫ್ಲಡ್ ಇಡೀ ವಿಶ್ವವನ್ನು ಒಂದೇ ತಂತಿಯ ವಾದ್ಯವಾಗಿ ಚಿತ್ರಿಸಿದ: ಕೆಳಗೆ ಭೂಮಿ, ಮೇಲೆ ದೇವಲೋಕ, ಮೋಡದಿಂದ ಇಳಿದ ದೇವರ ಕೈ ಬಿರಡೆ ತಿರುಗಿಸುತ್ತಿದೆ. ಚಿತ್ರ ಅದ್ಭುತ. ಅದೇ ಹೊತ್ತಿಗೆ ಖಗೋಳಜ್ಞ ಯೊಹಾನೆಸ್ ಕೆಪ್ಲರ್, ಆಕಾಶವನ್ನು ಅಳೆದಿಟ್ಟ ಟೈಕೋ ಬ್ರಾಹೆಯ ಅಳತೆಗಳನ್ನು ಇಟ್ಟುಕೊಂಡು, ಪ್ರತಿ ಗ್ರಹದ ಅತಿ ನಿಧಾನ ಮತ್ತು ಅತಿ ವೇಗದ ಚಲನೆಗಳನ್ನು ಹೋಲಿಸಿದ. ಶನಿಗೆ ಸುಮಾರು 4:5, ಅಂದರೆ ಅಂತರ ಗಾಂಧಾರದ ಅಂತರ. ಮಂಗಳಕ್ಕೆ 2:3, ಪಂಚಮ. ಭೂಮಿಗೆ 15:16, ಬರಿಯ ಅರ್ಧಸ್ವರ. ಭೂಮಿ ಮಿ-ಫ-ಮಿ (ಪಾಶ್ಚಾತ್ಯರ ಸ್ವರಗಳ ಹೆಸರು) ಎಂದು ಹಾಡುತ್ತದೆ, ಇಲ್ಲಿ ದುಃಖ ಮತ್ತು ಹಸಿವೆಯದೇ ಆಳ್ವಿಕೆ ಎಂದು ಬರೆದ. ಲ್ಯಾಟಿನ್ನಿನಲ್ಲಿ ಆ ಎರಡು ಪದಗಳು ಮಿ, ಫ ಎಂದೇ ತೊಡಗುತ್ತವೆ. ಮೂವತ್ತು ವರ್ಷದ ಯುದ್ಧ ಆಗ ತಾನೇ ಹೊತ್ತಿಕೊಂಡಿತ್ತು.

ಕೆಪ್ಲರ್ ಇದನ್ನು ಬರೆದ 1619ರ ಪುಸ್ತಕದಲ್ಲೇ ಗ್ರಹಗಳ ಅವಧಿ ಮತ್ತು ದೂರವನ್ನು ಬೆಸೆಯುವ ಅವನ ಮೂರನೆಯ ನಿಯಮವೂ ಇದೆ. ಫ್ಲಡ್‌ನ ಸಂಖ್ಯೆಗಳು ಚಿತ್ರದಿಂದ ಬಂದವು, ತನ್ನವು ಆಕಾಶದಿಂದ ಎಂದು ಕೆಪ್ಲರ್ ವಾದಿಸಿದ. ಇಬ್ಬರ ನಡುವೆ ಖಂಡನೆ, ಪ್ರತಿಖಂಡನೆ ವರ್ಷಗಟ್ಟಲೆ ನಡೆಯಿತು. ಕೆಪ್ಲರ್‌ನ ಸ್ವರಗಳು ಇಂದು ವಿಜ್ಞಾನದಲ್ಲಿ ಉಳಿದಿಲ್ಲ, ನಿಯಮ ಉಳಿದಿದೆ. ಟ್ಯಾರೋ ಓದುವವರು ಬಹುತೇಕ ಫ್ಲಡ್‌ನ ಮಕ್ಕಳು. ನಾನೂ ಹೌದು. ಆದರೆ ಕೆಪ್ಲರ್ ಹೇಳಿದ್ದನ್ನು ಕಿವಿಯಲ್ಲಿ ಇಟ್ಟುಕೊಂಡಿರುತ್ತೇನೆ.

ಡೆವಿಲ್ ಎಲೆಗೂ ‘ಸಂಗೀತದ ಸೈತಾನ’ಕ್ಕೂ ನಂಟಿದೆಯೇ?

ಹೆಸರಿನ ನಂಟು ಮಾತ್ರ. ಷಡ್ಜ–ಪ್ರತಿ ಮಧ್ಯಮದ ಅಂತರವನ್ನು ಯುರೋಪಿನ ಶಾಸ್ತ್ರಕಾರರು 18ನೇ ಶತಮಾನದ ಹೊತ್ತಿಗೆ ಹಾಗೆ ಕರೆದರು. ಚರ್ಚು ಅದನ್ನು ನಿಷೇಧಿಸಿ ಶಿಕ್ಷಿಸುತ್ತಿತ್ತು ಎಂಬುದು ಕಟ್ಟುಕಥೆ. ಪ್ರತಿ ಮಧ್ಯಮವಿಲ್ಲದೆ ಕಲ್ಯಾಣಿಯೇ ಇಲ್ಲ ಎಂದು ಬಲ್ಲ ನಮಗೆ ಆ ಸ್ವರದ ಮೇಲೆ ದೂರಿಲ್ಲ.

ಹುಟ್ಟಿದ ದಿನಾಂಕ ಕೂಡಿಸಿ ಬರುವ ಎಲೆ ನನ್ನ ಆತ್ಮದ ಎಲೆಯೇ?

ಅಂಕಿಗಳನ್ನು ಕೂಡಿಸಿ ಇಳಿಸುವ ಪದ್ಧತಿಯನ್ನು ಟ್ಯಾರೋಗೆ ಜನಪ್ರಿಯವಾಗಿ ತಂದದ್ದು ಫ್ರಾನ್ಸಿನ ಗೂಢವಿದ್ಯೆಯ ಲೇಖಕ ಪಾಪ್ಯೂಸ್, 1889ರಲ್ಲಿ. ಒಂದು ಪರೀಕ್ಷೆ ಮಾಡೋಣ. ನಮ್ಮ ಗಣರಾಜ್ಯದ ಜನ್ಮದಿನ 26-1-1950. ಕೂಡಿಸಿದರೆ 24, ಇಳಿಸಿದರೆ 6, ಲವರ್ಸ್. ಅದೇ ದಿನ ಭಾರತದ ರಾಷ್ಟ್ರೀಯ ಶಕ ಪಂಚಾಂಗದಲ್ಲಿ 1871ರ ಮಾಘ 6, ಅಂದರೆ 6-11-1871. ಕೂಡಿಸಿದರೆ 25, ಇಳಿಸಿದರೆ 7, ಚಾರಿಯಟ್. ಸೂರ್ಯ ಒಂದೇ, ದಿನ ಒಂದೇ, ಎಲೆ ಬೇರೆ.

ಅದನ್ನು ಧ್ಯಾನಕ್ಕೊಂದು ಚಿತ್ರವಾಗಿ ಇಟ್ಟುಕೊಳ್ಳಿ, ಅಡ್ಡಿಯಿಲ್ಲ. ಅದರ ಹೆಸರಿನಲ್ಲಿ ಮಗುವಿನ ಹೆಸರಿಗೆ ಅಕ್ಷರ ಸೇರಿಸಲು ಹಣ ಕೇಳಿದರೆ ಎದ್ದು ಬನ್ನಿ. ನನಗೆ ಹತ್ತಿರದವರೊಬ್ಬರು ಮಗಳ ಹೆಸರಿನ ಕಾಗುಣಿತ ಬದಲಿಸಿ, ಆಮೇಲೆ ಶಾಲೆಯ ದಾಖಲೆಗಳನ್ನು ಸರಿಪಡಿಸಲು ಎರಡು ವರ್ಷ ಅಲೆದರು.

432 ಹರ್ಟ್ಸ್ ಬ್ರಹ್ಮಾಂಡದ ಸ್ವರ, 440 ಕೆಟ್ಟದ್ದು ಎನ್ನುತ್ತಾರೆ. ಎಲೆ ಓದುವಾಗ ಯಾವುದು ಹಾಕಲಿ?

ನಿಮ್ಮ ಕಿವಿಗೆ ಹಿತವಾದದ್ದನ್ನು ಹಾಕಿ. ಎ ಸ್ವರಕ್ಕೆ ಫ್ರಾನ್ಸ್ 1859ರಲ್ಲಿ 435 ಎಂದಿತು. 1939ರಲ್ಲಿ ಲಂಡನ್ನಿನಲ್ಲಿ ಸೇರಿದ ಅಂತರರಾಷ್ಟ್ರೀಯ ಸಭೆ 440 ಎಂದಿತು. ಎಲ್ಲೆಡೆಯ ವಾದ್ಯಗಳು ಕೂಡಿ ನುಡಿಯಲಿ ಎಂಬ ವ್ಯವಹಾರದ ತೀರ್ಮಾನ ಅದು. 432ರ ಹಿಂದೆ ಚೆಂದದ ಲೆಕ್ಕವಿದೆ: ಸಿ ಸ್ವರಕ್ಕೆ 256 ಇಟ್ಟು 27/16ರಿಂದ ಗುಣಿಸಿದರೆ 432. ಆದರೆ ಹರ್ಟ್ಸ್ ಎಂದರೆ ಒಂದು ಸೆಕೆಂಡಿನಲ್ಲಿ ಎಷ್ಟು ಕಂಪನ ಎಂಬ ಎಣಿಕೆ. ಸೆಕೆಂಡು ಮನುಷ್ಯ ಇಟ್ಟ ಅಳತೆ, ದಿನವನ್ನು 86,400 ತುಂಡು ಮಾಡಿದ್ದು. ಕಾಲವನ್ನು ಗಳಿಗೆ, ವಿಗಳಿಗೆಯಲ್ಲಿ ಅಳೆದರೆ 432 ಮಾಯವಾಗುತ್ತದೆ. 3:2 ಎಲ್ಲಿಗೂ ಹೋಗುವುದಿಲ್ಲ. ನಮ್ಮ ಕಛೇರಿಗಳಲ್ಲಿ ಶ್ರುತಿ ಹಾಡುವವರ ಕಂಠಕ್ಕೆ ತಕ್ಕಂತೆ ಏರಿಳಿಯುತ್ತದೆ, ರಾಗ ಕೆಡುವುದಿಲ್ಲ.

ನೀವು ಎಲೆ ಓದುವಾಗ ಸಂಗೀತವನ್ನು ನಿಜವಾಗಿ ಹೇಗೆ ಬಳಸುತ್ತೀರಿ?

ಒಂಟಿ ಎಲೆಯನ್ನು ನಾನು ಓದುವುದಿಲ್ಲ. ಒಂಟಿ ಸ್ವರಕ್ಕೆ ಶ್ರುತಿಯಿಲ್ಲದೆ ಹೆಸರೂ ಇಲ್ಲ. ಷಡ್ಜ ಯಾವುದೆಂದು ತಿಳಿದ ಮೇಲೆಯೇ ಅದು ಗಾಂಧಾರವೋ ನಿಷಾದವೋ. ಮೊದಲ ಎಲೆಯನ್ನು ಷಡ್ಜವೆಂದು ಇಡುತ್ತೇನೆ. ಉಳಿದವು ಅದಕ್ಕೆ ಸಂವಾದಿಯೋ (ಬೆಸೆಯುವುದೋ), ಅನುವಾದಿಯೋ (ಹಿಂಬಾಲಿಸುವುದೋ), ವಿವಾದಿಯೋ (ಕಾದಾಡುವುದೋ) ಎಂದು ನೋಡುತ್ತೇನೆ.

ಒಂದು ಉದಾಹರಣೆ. ಕಪ್ ಮೂರು ಮೊದಲು ಬಂತು: ಮೂವರು ಹೆಂಗಸರು ಬಟ್ಟಲೆತ್ತಿ ಕುಣಿಯುತ್ತಿದ್ದಾರೆ. ಪಕ್ಕದಲ್ಲಿ ಖಡ್ಗ ಮೂರು: ಮಳೆಯಲ್ಲಿ ಮೂರು ಕತ್ತಿ ಚುಚ್ಚಿದ ಹೃದಯ. ಸಂಖ್ಯೆ ಒಂದೇ, ಗುಂಪು ಬೇರೆ. ಶಂಕರಾಭರಣಕ್ಕೂ ಕಲ್ಯಾಣಿಗೂ ಅಂತರ ಗಾಂಧಾರವೇ, ಆದರೆ ಒಂದರಲ್ಲಿ ನೇರವಾಗಿ ನಿಲ್ಲುತ್ತದೆ, ಇನ್ನೊಂದರಲ್ಲಿ ಗಮಕದಲ್ಲಿ ತೂಗುತ್ತದೆ. ಹಾಗಾಗಿ ‘ಒಳ್ಳೆಯದು, ಆಮೇಲೆ ಕೆಟ್ಟದ್ದು’ ಎಂದು ಓದದೆ, ಒಂದೇ ಮೂವರ ಕೂಟವನ್ನು ಎರಡು ರಾಗದಲ್ಲಿ ಕೇಳುತ್ತೇನೆ. ಎದುರು ಕುಳಿತವರನ್ನು ಆ ಮೂವರು ಯಾರು ಎಂದು ಕೇಳುತ್ತೇನೆ. ಬಹಳ ಸಲ ಅಲ್ಲಿಂದ ಮಾತು ತಾನಾಗಿ ತೆರೆದುಕೊಳ್ಳುತ್ತದೆ.

ಎಲೆ ಬೀಳುವುದು ಕಲಸಿದ ಕೈಯ ಆಕಸ್ಮಿಕ. ಅರ್ಥ ಬರುವುದು ಕುಳಿತ ಇಬ್ಬರಿಂದ. ಕಾಯಿಲೆ, ಸಾಲ, ಕೋರ್ಟಿನ ವಿಷಯಕ್ಕೆ ನಾನು ಎಲೆ ತೆಗೆಯುವುದಿಲ್ಲ. ಅದಕ್ಕೆ ವೈದ್ಯರು, ವಕೀಲರು ಇದ್ದಾರೆ.

ಇದನ್ನೆಲ್ಲ ಕಲಿಯಲು ಎಲ್ಲಿಂದ ಶುರು ಮಾಡಲಿ?

ಪುಸ್ತಕಕ್ಕಿಂತ ಮೊದಲು ಒಂದು ಹಲಗೆ ಮತ್ತು ಒಂದು ತಂತಿ ತನ್ನಿ. ಹಲಗೆಯ ಮೇಲೆ ಸರಿಯಾಗಿ 60 ಸೆಂಟಿಮೀಟರ್ ಅಂತರದಲ್ಲಿ ಎರಡು ಮರದ ತುಂಡುಗಳನ್ನು ಕುದುರೆಯಾಗಿ ನಿಲ್ಲಿಸಿ ತಂತಿ ಬಿಗಿಯಿರಿ. ಒಂದು ತುದಿಯಿಂದ 30, 40, 45 ಸೆಂಟಿಮೀಟರಿನಲ್ಲಿ ಪೆನ್ಸಿಲ್ ಗುರುತು ಹಾಕಿ. ಖಾಲಿ ತಂತಿ ಷಡ್ಜ. 45ರಲ್ಲಿ ಒತ್ತಿ ಉದ್ದನೆಯ ಭಾಗ ಮೀಟಿದರೆ ಮಧ್ಯಮ, 40ರಲ್ಲಿ ಪಂಚಮ, 30ರಲ್ಲಿ ತಾರ ಷಡ್ಜ. ವೀಣೆ ಮನೆಯಲ್ಲಿದ್ದರೆ ಹಲಗೆಯೂ ಬೇಡ. 5, 7, 12ನೆಯ ಮೆಟ್ಟಿಲುಗಳಲ್ಲಿ ಇವೇ ಸ್ವರಗಳಿವೆ.

ಆಮೇಲೆ ಕಟ್ಟಿನಿಂದ ನಾಣ್ಯದ ಒಂದರಿಂದ ನಾಲ್ಕರ ಎಲೆಗಳನ್ನು ತೆಗೆದು ಪಕ್ಕದಲ್ಲಿ ಸಾಲಾಗಿ ಇಡಿ. ಒಂದು ಮತ್ತು ಎರಡನ್ನು ನೋಡುತ್ತಾ ಷಡ್ಜ, ತಾರ ಷಡ್ಜ ಮೀಟಿ. ಎರಡು ಮತ್ತು ಮೂರನ್ನು ನೋಡುತ್ತಾ ಷಡ್ಜ, ಪಂಚಮ. ಮೂರು ಮತ್ತು ನಾಲ್ಕಕ್ಕೆ ಷಡ್ಜ, ಮಧ್ಯಮ. ಒಂದು ವಾರ, ದಿನಕ್ಕೆ ಹತ್ತು ನಿಮಿಷ. ಎಲೆಯ ಅರ್ಥಪುಸ್ತಿಕೆಯನ್ನು ಆ ವಾರ ತೆರೆಯಬೇಡಿ.